ಕಲಿಸಲು ಬಂದವರು ಮೊದಲು ಕಲಿಯಲಿ

ಪಶ್ಚಿಮಕ್ಕೆ ಅರಬ್ಬಿ ಸಮುದ್ರ, ಪೂರ್ವಕ್ಕೆ ಸ್ವರ್ಣಾ ನದಿ. ನಡುವಿನ ಕಿರಿದಾದ ನೆಲದ ಮೇಲೆ ಉಡುಪಿ ಸಮೀಪದ ನಮ್ಮ ಹೂಡೆ. ಇಲ್ಲಿಂದ ಹೊರದೇಶಕ್ಕೆ ಹೋಗುವುದು ಹೊಸ ಸಂಗತಿಯೇನಲ್ಲ. ಕೊಲ್ಲಿ ರಾಷ್ಟ್ರಗಳ ದುಡಿಮೆಯಿಂದ ಎದ್ದ ಮನೆಗಳು ಊರಿನಲ್ಲಿ ಬೇಕಾದಷ್ಟಿವೆ. ಆದರೆ ಹೊರದೇಶದವರು ಕರಾವಳಿಗೆ ಬಂದು, ತಿಂಗಳುಗಟ್ಟಲೆ ನಮ್ಮವರ ಮನೆಯಲ್ಲಿ ಉಂಡು ಮಲಗಿ, ಸಂಬಳವಿಲ್ಲದೆ ಶಾಲೆಯಲ್ಲಿ ಕೆಲಸ ಮಾಡುವುದು ಈಚಿನ ಬೆಳವಣಿಗೆ.

ಜರ್ಮನಿಯ ಸರ್ಕಾರ 2008ರಲ್ಲಿ ‘ವೆಲ್ಟ್‌ವೆರ್ಟ್ಸ್’ ಎಂಬ ಯೋಜನೆಯನ್ನು ಆರಂಭಿಸಿದ ಮೇಲೆ ಅಲ್ಲಿನ 18ರಿಂದ 28ರ ವಯಸ್ಸಿನ ಯುವಜನರು ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕಗಳಿಗೆ ಸ್ವಯಂಸೇವಕರಾಗಿ ಹೋಗುವುದು ಸುಲಭವಾಯಿತು. ಖರ್ಚಿನ ಬಹುಪಾಲನ್ನು ಸರ್ಕಾರವೇ ಭರಿಸುತ್ತದೆ. ಅವಧಿ ಆರು ತಿಂಗಳಿಂದ ಎರಡು ವರ್ಷ. ಬೆಂಗಳೂರಿನ ಎಫ್.ಎಸ್.ಎಲ್. ಇಂಡಿಯಾದಂಥ ಸಂಸ್ಥೆಗಳ ಮೂಲಕ ಕರ್ನಾಟಕಕ್ಕೂ ವಿದೇಶಿ ಸ್ವಯಂಸೇವಕರು ಬಂದರು. ಕುಂದಾಪುರದ ತೀರದಲ್ಲಿ ಕಡಲಾಮೆಗಳ ಸಂರಕ್ಷಣೆಗೂ ಕೈಜೋಡಿಸಿದರು. ಇದರ ಜೊತೆಗೆ, ಬರುವವರಿಂದಲೇ ಶುಲ್ಕ ಪಡೆದು ಎರಡು ವಾರ, ನಾಲ್ಕು ವಾರಗಳ ‘ಶಿಕ್ಷಕ ಸೇವೆ’ಯನ್ನು ಪ್ರವಾಸದ ಸರಕಿನಂತೆ ಮಾರುವ ಕಂಪನಿಗಳೂ ಜಗತ್ತಿನಲ್ಲಿವೆ. ಇವೆರಡರ ವ್ಯತ್ಯಾಸವನ್ನು ನಮ್ಮ ಶಾಲೆಗಳು ವಿಚಾರಿಸುವುದು ಕಡಿಮೆ. ಇಂಗ್ಲಿಷ್ ಕಲಿಸಲು ಫಾರಿನ್ ಟೀಚರ್ ಬರುತ್ತಾರೆಂದರೆ ಪಾಲಕರಿಗೂ ಸಂಭ್ರಮ, ಹಾಜರಾತಿಗೂ ಲಾಭ.

ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತಳಾದ ನಾನು ಈ ವ್ಯವಸ್ಥೆಯನ್ನು ಎರಡು ಬದಿಯಿಂದಲೂ ಕಂಡವಳು. ಶಾಲೆಯಲ್ಲಿ ಇಂಥವರೊಡನೆ ಕೆಲಸ ಮಾಡಿದ್ದೇನೆ. ನಿವೃತ್ತಿಗೆ ಮುಂಚಿನ ವರ್ಷ, ಹತ್ತೊಂಬತ್ತರ ಜರ್ಮನ್ ಹುಡುಗಿಯೊಬ್ಬಳು ಎಂಟು ತಿಂಗಳು ನಮ್ಮ ಮನೆಯಲ್ಲೇ ಇದ್ದು ನಮ್ಮ ಶಾಲೆಗೆ ಬರುತ್ತಿದ್ದಳು.

ಮನೆಯಲ್ಲಿ ಅವಳಿಗೆ ನಿಜವಾದ ಗುರು ನನ್ನ ಅತ್ತೆ. ಅವರಿಗೆ ತುಳು ಬಿಟ್ಟು ಬೇರೆ ಭಾಷೆಯಲ್ಲಿ ಸಲೀಸಿಲ್ಲ. ಹುಡುಗಿ ಮಧ್ಯಾಹ್ನ ಕೋಣೆಯ ಬಾಗಿಲು ಹಾಕಿಕೊಂಡರೆ ಅತ್ತೆಗೆ ಗಾಬರಿ. ಜ್ವರವೇ, ಹೊಟ್ಟೆನೋವೇ ಎಂದು ಹತ್ತು ನಿಮಿಷಕ್ಕೊಮ್ಮೆ ಬಾಗಿಲು ಬಡಿಯುವರು. ಎಲ್ಲಿಗೆ ಹೊರಟೆ, ಎಷ್ಟು ಹೊತ್ತಿಗೆ ಬರುತ್ತೀ ಎಂಬ ಪ್ರಶ್ನೆಗಳು ಆಕೆಗೆ ಮೊದಮೊದಲು ಪಹರೆಯಂತೆ ಕಂಡವು. ಎರಡು ತಿಂಗಳಾಗುವಷ್ಟರಲ್ಲಿ ಜಗಲಿಯಲ್ಲಿ ನಿಂತು ‘ಅಜ್ಜೀ, ಮಲ್ಪೆಗೆ’ ಎಂದು ಹೇಳಿಯೇ ಹೊರಡುವ ರೂಢಿಯಾಯಿತು. ಅತ್ತೆಯೂ ಬಾಗಿಲು ಬಡಿಯುವುದನ್ನು ಬಿಟ್ಟರು. ಬೂತಾಯಿ ಮೀನು ಶುಚಿ ಮಾಡುವುದು, ಕುಚ್ಚಲಕ್ಕಿಯ ಗಂಜಿಗೆ ಉಪ್ಪಿನಕಾಯಿ ನೆಂಚಿಕೊಳ್ಳುವುದು, ಎದುರು ಸಿಕ್ಕವರನ್ನು ‘ಒಣಸ್ ಆಂಡಾ’ ಎಂದು ಕೇಳುವುದು, ಯಾವ ಪಠ್ಯಕ್ರಮದಲ್ಲೂ ಇಲ್ಲದ ಈ ಪಾಠಗಳನ್ನು ಆಕೆ ಅಡುಗೆಮನೆಯಲ್ಲಿ ಕಲಿತಳು.

ಈ ಆತಿಥ್ಯದ ಹಿಂದೆ ಹೆಂಗಸರ ದುಡಿಮೆಯಿದೆ ಎಂಬುದನ್ನು ಮರೆಯಬಾರದು. ಸಂಸ್ಥೆ ತಿಂಗಳಿಗೊಂದಿಷ್ಟು ಹಣ ಕೊಡುತ್ತಿತ್ತು. ‘ಉಂಡ ಅನ್ನಕ್ಕೆ ಲೆಕ್ಕ ಇಡುವುದಾ?’ ಎಂದು ಅತ್ತೆ ಮುಜುಗರಪಟ್ಟರು. ಅವರ ಔದಾರ್ಯ ದೊಡ್ಡದೇ. ಆದರೆ ಖಾರ ಕಡಿಮೆಯ ಎರಡನೆಯ ಸಾರು, ಬಿಸಿನೀರು, ಕಾಯಿಲೆ ಬಿದ್ದಾಗಿನ ಆರೈಕೆ, ಇವೆಲ್ಲವೂ ಮನೆಯ ಹೆಂಗಸಿನ ಹೆಗಲಿಗೇ ಬರುತ್ತವೆ. ಅತಿಥಿಯನ್ನು ಇಟ್ಟುಕೊಳ್ಳುವ ತೀರ್ಮಾನದಲ್ಲಿ ಮೊದಲ ಮಾತು ಆಕೆಯದಾಗಬೇಕು. ಸಲ್ಲುವ ಹಣವೂ ಆಕೆಯ ಕೈಗೆ ಬರಬೇಕು.

ಇನ್ನು ಶಾಲೆಯ ವಿಚಾರ. ಮೊದಲ ತಿಂಗಳು ಹುಡುಗಿಯನ್ನು ಮೂರನೆಯ ತರಗತಿಯ ಮುಂದೆ ಒಂಟಿಯಾಗಿ ನಿಲ್ಲಿಸಲಾಯಿತು. ಆಕೆ ಹಾಡಿದಳು, ಮಕ್ಕಳೂ ಹಾಡಿದರು. ಆಕೆ ನಕ್ಕರೆ ಮಕ್ಕಳೂ ನಕ್ಕರು. ಇಂಗ್ಲಿಷ್ ಮಾತ್ರ ಬರಲಿಲ್ಲ. ಇದರಲ್ಲಿ ಆಶ್ಚರ್ಯವೇನಿಲ್ಲ. ಶಿಕ್ಷಕ ತರಬೇತಿ ಪಡೆಯದ, ಮಕ್ಕಳ ಮಾತು ತಿಳಿಯದ, ಇಂಗ್ಲಿಷು ತನಗೂ ಕಲಿತ ಭಾಷೆಯೇ ಆಗಿರುವ ಹತ್ತೊಂಬತ್ತರ ಹುಡುಗಿಯಿಂದ ಅದನ್ನು ನಿರೀಕ್ಷಿಸುವುದೇ ಅನ್ಯಾಯ.

ನಾಲ್ಕನೆಯ ತಿಂಗಳಿಂದ ಏರ್ಪಾಡು ಬದಲಾಯಿತು. ಆಕೆ ನಮ್ಮ ಗೌರವ ಶಿಕ್ಷಕಿಯ ಪಕ್ಕದಲ್ಲಿ ಕೂತು, ಓದಿನಲ್ಲಿ ಹಿಂದುಳಿದ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಓದಿಸತೊಡಗಿದಳು. ಕೂಲಿಗಾಗಿ ಉತ್ತರ ಕರ್ನಾಟಕದಿಂದ ಬಂದ ಕುಟುಂಬಗಳ ಮಕ್ಕಳು ಆ ಗುಂಪಿನಲ್ಲಿದ್ದರು. ಆಕೆಯೂ ಕನ್ನಡ ಅಕ್ಷರ ತಿದ್ದುತ್ತಿದ್ದ ಕಾಲವದು. ಅವಳ ‘ಳ’ಕಾರ ನಾಲಗೆಯಲ್ಲಿ ‘ಲ’ಕಾರವಾಗಿ ಹೊರಳಿದಾಗ, ತರಗತಿಯಲ್ಲಿ ಬಾಯಿ ಬಿಡದ ಹುಡುಗನೊಬ್ಬ ಎದ್ದು ಅದನ್ನು ತಿದ್ದಿದ. ತನಗೂ ಕಲಿಸಲು ಬರುತ್ತದೆ ಎಂದು ಆ ಮಗುವಿಗೆ ಗೊತ್ತಾದ ಗಳಿಗೆ ಅದು. ಅಂದಿನಿಂದ ಅವನು ಓದಲು ಹಿಂಜರಿಯಲಿಲ್ಲ. ಸ್ವಯಂಸೇವೆಯಿಂದ ನಮ್ಮ ಶಾಲೆಗೆ ಆದ ಲಾಭವೇನೆಂದು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಆದರೆ ಲೆಕ್ಕದ ಇನ್ನೊಂದು ಬದಿಯೂ ಇದೆ. ಆಕೆ ಹೊರಟಾಗ ಶಾಲು, ಹಾರ, ಫಲತಾಂಬೂಲ, ಪತ್ರಿಕೆಗೆ ಫೋಟೋ. ಹಳೆ ವಿದ್ಯಾರ್ಥಿಗಳು ಕೂಡಿಸಿಕೊಟ್ಟ ಅಲ್ಪ ಸಂಭಾವನೆಗೆ ವರ್ಷಗಳಿಂದ ದುಡಿಯುತ್ತಿದ್ದ, ಡಿ.ಎಡ್. ಮುಗಿಸಿದ ಗೌರವ ಶಿಕ್ಷಕಿ ಆ ಸಮಾರಂಭಕ್ಕೆ ಕುರ್ಚಿ ಜೋಡಿಸುತ್ತಿದ್ದಳು. ಮುಂದಿನ ವರ್ಷ ಬೇರೊಬ್ಬರು ಬಂದಾಗ ಮಕ್ಕಳು ಕೇಳಿದ ಮೊದಲ ಪ್ರಶ್ನೆ, ‘ಇವರೂ ಹೋಗ್ತಾರಾ ಟೀಚರ್?’ ಎಂಬುದು. ಬಂದವರೆಲ್ಲ ಹೋಗುವವರೇ ಎಂಬ ಪಾಠವನ್ನು ಎಂಟು ವರ್ಷದ ಮಗುವಿಗೆ ವರ್ಷವರ್ಷವೂ ಕಲಿಸುವುದು ಸಣ್ಣ ವಿಷಯವಲ್ಲ. ಅನಾಥಾಲಯಗಳಲ್ಲಿ ಇಂಥ ಸೇವೆ ಇನ್ನೂ ಘೋರ ರೂಪ ತಾಳಿತು. ಕಾಂಬೋಡಿಯಾ, ನೇಪಾಳಗಳಲ್ಲಿ ತಂದೆ ತಾಯಿ ಇರುವ ಮಕ್ಕಳನ್ನೇ ಪ್ರವಾಸಿಗಳಿಗಾಗಿ ಅನಾಥರನ್ನಾಗಿ ತೋರಿಸಿದ್ದುಂಟು. 2019ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ತನ್ನ ಮಕ್ಕಳ ಹಕ್ಕುಗಳ ನಿರ್ಣಯದಲ್ಲಿ ಅನಾಥಾಲಯಗಳ ಸ್ವಯಂಸೇವೆಯಿಂದಾಗುವ ಹಾನಿಯನ್ನು ತಡೆಯಬೇಕೆಂದು ಕರೆ ನೀಡಿತು.

ಈ ಚರ್ಚೆ ಹೊಸದಲ್ಲ. 1961ರಿಂದ 1976ರವರೆಗೆ ಅಮೆರಿಕದ ಪೀಸ್ ಕೋರ್‌ನ ನಾಲ್ಕು ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ಭಾರತದಲ್ಲಿ ಕೆಲಸ ಮಾಡಿದರು. ಮುಂದೆ ಅಧ್ಯಕ್ಷರಾದ ಜಿಮ್ಮಿ ಕಾರ್ಟರ್ ಅವರ ತಾಯಿ ಲಿಲಿಯನ್ 1966ರಲ್ಲಿ ತಮ್ಮ 68ನೆಯ ವಯಸ್ಸಿನಲ್ಲಿ ಮುಂಬೈ ಬಳಿಯ ವಿಕ್ರೋಲಿಗೆ ಬಂದವರು ಈ ಯೋಜನೆಯಲ್ಲೇ. ನರ್ಸ್ ಆಗಿದ್ದ ಅವರೂ ಮೊದಲು ಮರಾಠಿ ಕಲಿಯಬೇಕಾಯಿತು. 1968ರಲ್ಲಿ ಚಿಂತಕ ಇವಾನ್ ಇಲಿಚ್ ಮೆಕ್ಸಿಕೋದಲ್ಲಿ ಅಮೆರಿಕನ್ ವಿದ್ಯಾರ್ಥಿ ಸ್ವಯಂಸೇವಕರ ಎದುರಿಗೇ ಕಟುವಾಗಿ ಮಾತನಾಡಿ, ನೋಡಲು ಬನ್ನಿ, ಕಲಿಯಲು ಬನ್ನಿ, ಉದ್ಧಾರ ಮಾಡಲು ಬರಬೇಡಿ ಎಂಬ ಅರ್ಥದಲ್ಲಿ ಎಚ್ಚರಿಸಿದರು.

ಹಾಗೆ ಕಲಿಯಲು ಬಂದವರ ಉದಾಹರಣೆ ಉಡುಪಿಯಲ್ಲೇ ಇದೆ. ಅಮೆರಿಕದ ಮಾರ್ತಾ ಆಶ್ಟನ್ ಮದ್ದಳೆಯ ಮಾಂತ್ರಿಕ ಹಿರಿಯಡ್ಕ ಗೋಪಾಲ ರಾಯರಲ್ಲಿ ಶಿಷ್ಯೆಯಾಗಿ ಯಕ್ಷಗಾನ ಕಲಿತರು. ಬ್ರೂಸ್ ಕ್ರಿಸ್ಟಿಯವರೊಡನೆ ಆಕೆ ಬರೆದ ಯಕ್ಷಗಾನದ ಪುಸ್ತಕ 1977ರಲ್ಲಿ ಪ್ರಕಟವಾಗಿ, ನಮ್ಮ ಆಟವನ್ನು ಇಂಗ್ಲಿಷ್ ಓದುಗರಿಗೆ ಪರಿಚಯಿಸಿತು. ಶಿಷ್ಯೆಯಾಗಿ ಬಂದವರು ಕೊಟ್ಟುಹೋದದ್ದು ಹೆಚ್ಚೇ.

ಹಾಗಾದರೆ ಬರುವವರನ್ನು ಬೇಡವೆನ್ನಬೇಕೇ? ಖಂಡಿತ ಬೇಡ. ಆದರೆ ಕೆಲವು ಕಟ್ಟುಪಾಡುಗಳನ್ನು ಶಾಲಾಭಿವೃದ್ಧಿ ಸಮಿತಿಗಳೇ ಹಾಕಿಕೊಳ್ಳಬೇಕು. ಆರು ತಿಂಗಳಿಗಿಂತ ಕಡಿಮೆ ಇರುವವರಿಗೆ ತರಗತಿ ಬೇಡ. ಮೊದಲ ತಿಂಗಳು ಭಾಷೆಗೆ ಮೀಸಲಾಗಲಿ. ಇಡೀ ತರಗತಿಯನ್ನು ಅವರ ಕೈಗೊಪ್ಪಿಸದೆ ಸ್ಥಳೀಯ ಶಿಕ್ಷಕಿಯ ಸಹಾಯಕರಾಗಿ ಇಟ್ಟುಕೊಳ್ಳಲಿ. ಒಂದು ತಿಂಗಳು ಮೀರಿದ ಸ್ವಯಂಸೇವೆಗೆ ಪ್ರವಾಸಿ ವೀಸಾ ಸಾಲದು. ವಿದೇಶಿಯರನ್ನು ಮನೆಯಲ್ಲಿ ಇಟ್ಟುಕೊಂಡವರು 24 ಗಂಟೆಯೊಳಗೆ ಅಧಿಕಾರಿಗಳಿಗೆ ಮಾಹಿತಿ ಕೊಡಬೇಕು. ಇವನ್ನು ಬರಿಯ ಕಾಗದದ ಕೆಲಸವೆಂದು ತಳ್ಳಿಹಾಕುವಂತಿಲ್ಲ. ಪೋಕ್ಸೊ ಕಾಯ್ದೆ 2012ರಿಂದ ಜಾರಿಯಲ್ಲಿರುವಾಗ, ಮಕ್ಕಳ ನಡುವೆ ಬರುವವರ ಪೂರ್ವಾಪರ ವಿಚಾರಿಸುವುದು, ಅವರು ಸ್ವದೇಶಿಯಾಗಲಿ ವಿದೇಶಿಯಾಗಲಿ, ಶಾಲೆಯ ಹೊಣೆ.

ಹೋಗುವ ದಾರಿಯೂ ತೆರೆದಿರಬೇಕು. ವೆಲ್ಟ್‌ವೆರ್ಟ್ಸ್ ಯೋಜನೆ 2013ರಲ್ಲಿ ಬೇರೆ ದೇಶಗಳ ಯುವಜನರನ್ನು ಜರ್ಮನಿಗೆ ಕರೆಸಿಕೊಳ್ಳುವ ಭಾಗವನ್ನೂ ಸೇರಿಸಿಕೊಂಡಿತು. ನಮ್ಮ ಕಾಲೇಜುಗಳ ಹುಡುಗ ಹುಡುಗಿಯರು ಅಲ್ಲಿನ ಮನೆಯೊಂದರಲ್ಲಿದ್ದು, ಅಲ್ಲಿನ ಅಜ್ಜಿಯರಿಂದ ತಿದ್ದಿಸಿಕೊಂಡು ಬಂದರೆ ಈ ಕೊಡುಕೊಳ್ಳುವಿಕೆಗೆ ಸಮತೂಕ ಬಂದೀತು.

ಎಲ್ಲಕ್ಕಿಂತ ಮೊದಲು ಆಗಬೇಕಾದದ್ದು ಒಂದಿದೆ. ಶಿಕ್ಷಕರ ಕೊರತೆಯನ್ನು ತುಂಬುವುದು ಸರ್ಕಾರದ ಕರ್ತವ್ಯ. ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲೇ ಅದನ್ನು ಬರೆದಿಟ್ಟಿದೆ. ಖಾಲಿ ಹುದ್ದೆಯ ಜಾಗದಲ್ಲಿ ಸ್ವಯಂಸೇವಕಿಯನ್ನು ಕೂರಿಸಿ ಹಾರ ಹಾಕುವ ಬದಲು, ಅದೇ ಊರಿನ ಗೌರವ ಶಿಕ್ಷಕಿಗೆ ಬದುಕುವಷ್ಟು ಸಂಬಳ ಕೊಡಲಿ. ಮುಂದಿನ ಜೂನ್‌ನಲ್ಲೂ ಶಾಲೆಯ ಬಾಗಿಲು ತೆಗೆಯುವವಳು ಆಕೆಯೇ.