ಕಣಗಳಿಗೆ ದಾರಿ ಹೇಳುವ ನೆಲ

ಬೆಂಗಳೂರಿನ ರಾಮಮೂರ್ತಿ ನಗರದಲ್ಲಿ ಹೊಸ ಕಟ್ಟಡಗಳು ಏಳುತ್ತಲೇ ಇರುತ್ತವೆ. ದೂಳು ತಡೆಯಲು ಅವುಗಳ ಮುಂದೆ ಇಳಿಬಿಟ್ಟ ಹಸಿರು ಬಲೆ ಎರಡು ಪದರವಾಗಿರುವ ಕಡೆ ಕೊಂಚ ನಿಂತು ನೋಡಿ. ಬಲೆಯ ಕಣ್ಣುಗಳು ತೀರ ಸಣ್ಣವು, ರಸ್ತೆಯ ಈ ಬದಿಗೆ ಕಾಣುವುದೂ ಇಲ್ಲ. ಆದರೆ ಎರಡು ಪದರ ತುಸು ಓರೆಯಾಗಿ ಒಂದರ ಮೇಲೊಂದು ಬಿದ್ದಾಗ ಗೇಣಗಲದ ಕಪ್ಪು ಪಟ್ಟೆಗಳು ಮೂಡುತ್ತವೆ. ಗಾಳಿ ಬೀಸಿದರೆ ಅವು ಓಡಾಡುತ್ತವೆ. ಇದು ಮ್ವಾರೆ ವಿನ್ಯಾಸ.

ಇದೇ ವಿನ್ಯಾಸವನ್ನು ಕಣ್ಣಿಗೆ ಕಾಣದಷ್ಟು ಚಿಕ್ಕದಾಗಿ ಅಚ್ಚೊತ್ತಿ, ಕಣಗಳು ತಾವಾಗಿಯೇ ಗೊತ್ತಾದ ಜಾಗಕ್ಕೆ ಬಂದು ಕೂರುವಂತೆ ಮಾಡಿದವರು ನಮ್ಮ ಬೆಂಗಳೂರಿನವರೇ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಚಂದನ್ ಮಿಶ್ರ, ರಾಜೇಶ್ ಗಣಪತಿ ಹಾಗೂ ಭಾರತೀಯ ವಿಜ್ಞಾನ ಸಂಸ್ಥೆಯ ಎ.ಕೆ. ಸೂದ್ ಈ ಕೆಲಸವನ್ನು 2016ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟಿಸಿದರು.

ಇದರ ಅಗತ್ಯವೇನೆಂದು ತಿಳಿಯಲು ರಾಮಮೂರ್ತಿ ನಗರದ ಪಕ್ಕದ ದೂರವಾಣಿನಗರದತ್ತ ನೋಡಬಹುದು. 1948ರಲ್ಲಿ ಶುರುವಾದ ಐಟಿಐ ಕಾರ್ಖಾನೆಯಲ್ಲಿ ಟೆಲಿಫೋನಿನ ಭಾಗಗಳನ್ನು ಕೈಯಿಂದ ಜೋಡಿಸುತ್ತಿದ್ದ ಕೆಲಸಗಾರರ ಸಂಸಾರಗಳಿಂದ ಈ ಭಾಗ ಬೆಳೆಯಿತು. ಆದರೆ ವಸ್ತು ಕೂದಲೆಳೆಯ ನೂರನೇ ಒಂದು ಪಾಲಿಗೆ, ಸಾವಿರದ ಪಾಲಿಗೆ ಇಳಿದರೆ ಕೈ ಹೋಗದು, ಚಿಮಟವೂ ಹೋಗದು. ಕೋಟಿಗಟ್ಟಲೆ ಕಣಗಳನ್ನು ಒಂದೊಂದಾಗಿ ಇಡುವ ಯಂತ್ರವೂ ಇಲ್ಲ. ಅವು ತಾವೇ ಬಂದು ಸೇರಬೇಕು, ಅದೂ ನಾವು ಹೇಳಿದ ಜಾಗದಲ್ಲಿ.

ತೊಡಕಿರುವುದು ಈ ಎರಡನೆಯ ಮಾತಿನಲ್ಲಿ. ಹರಳು ಬೆಳೆಯುವಾಗ ಪರಮಾಣುಗಳು ಮೇಲ್ಮೈ ಮೇಲೆ ಬಲು ಚುರುಕಾಗಿ ಜಿಗಿಯುತ್ತವೆ, ತಕ್ಕ ನೆಲೆ ಹುಡುಕಿಕೊಳ್ಳುತ್ತವೆ. ಕಣ ದೊಡ್ಡದಾದಂತೆ ಆ ಚುರುಕು ಹೋಗುತ್ತದೆ. 1 ಮೈಕ್ರೋಮೀಟರ್ ಗಾತ್ರದ ಕಣ ನೀರಿನಲ್ಲಿ ತನ್ನ ಅಗಲದಷ್ಟು ಸರಿಯಲು ಹೆಚ್ಚುಕಡಿಮೆ ಒಂದು ಸೆಕೆಂಡ್ ಬೇಕು; ಮೇಲ್ಮೈಗೆ ಅಂಟಿದ್ದರೆ ಇನ್ನೂ ನಿಧಾನ. ಅಷ್ಟರಲ್ಲಿ ದಾರಿಯಲ್ಲಿ ಸಿಕ್ಕ ಕಣಗಳ ಜೊತೆ ಸೇರಿ ಎಲ್ಲೋ ಒಂದು ಕಡೆ ಗುಂಪು ಕಟ್ಟಿಬಿಡುತ್ತದೆ. ನಿಲ್ಲುವ ಜಾಗವನ್ನು ಮಾತ್ರ ಕೆತ್ತಿಟ್ಟರೆ ಸಾಲದು, ಅಲ್ಲಿಗೆ ಹೋಗುವ ಇಳಿಜಾರನ್ನೂ ಕೆತ್ತಬೇಕು. ಈ ಪ್ರಯೋಗದ ತಿರುಳೇ ಇದು ಎಂಬುದು ನನ್ನ ಎಣಿಕೆ.

ಮ್ವಾರೆ ಆ ಇಳಿಜಾರನ್ನು ಕೊಟ್ಟಿತು. ಪಾಲಿಮರ್ ಪದರದ ಮೇಲೆ ಒಂದೇ ಅಚ್ಚನ್ನು ಎರಡು ಸಲ, ಎರಡನೆಯ ಸಲ ತುಸು ತಿರುಗಿಸಿ ಒತ್ತಿದರೆ, ಗುಳಿಗಳ ಆಳ ಜಾಗದಿಂದ ಜಾಗಕ್ಕೆ ಮೆಲ್ಲನೆ ಬದಲಾಗುತ್ತದೆ. ಕಣಗಳಿರುವ ನೀರಿಗೆ ಸ್ವಲ್ಪ ಪಾಲಿಮರ್ ಬೆರೆಸುತ್ತಾರೆ. ಪಾಲಿಮರ್ ಸುರುಳಿಗಳು ನುಸುಳಲಾಗದ ಕಿರಿದಾದ ಸಂದಿಯಲ್ಲಿ ಒತ್ತಡ ಕಡಿಮೆಯಾಗಿ, ಹೊರಗಿನ ಒತ್ತಡ ಕಣವನ್ನು ಮೇಲ್ಮೈಗೆ ಒತ್ತುತ್ತದೆ. ಈ ಬಲವನ್ನು ಜಪಾನಿನ ಅಸಾಕುರಾ ಮತ್ತು ಓಸಾವಾ 1954ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ನೆಲದ ಉಬ್ಬುತಗ್ಗಿಗೆ ತಕ್ಕಂತೆ ಹಿಡಿತ ಏರಿಳಿಯುವುದರಿಂದ, ಅಲೆಯುವ ಕಣ ಬಿಗಿ ಹಿಡಿತದ ಕಡೆಗೇ ಸರಿಯುತ್ತದೆ. ಅಲ್ಲಿ ಒಂದಕ್ಕೊಂದು ಸೇರಿ, ಗೊತ್ತಾದ ಅಳತೆಯ ಪುಟ್ಟ ಹರಳುಗಳಾಗಿ ಬೆಳೆಯುತ್ತವೆ.

ನನಗೆ ತುಂಬ ಹಿಡಿಸಿದ್ದು ಇಲ್ಲಿನ ಮಿತವ್ಯಯ. ಹರಳುಗಳ ನಡುವಿನ ದೂರ ಹೆಚ್ಚಿಸಲು ಹೊಸ ಅಚ್ಚು ಬೇಡ, ತಿರುಗಿಸುವ ಕೋನ ಕಿರಿದಾದರೆ ಸಾಕು. 1 ಮೈಕ್ರೋಮೀಟರ್ ಅಂತರದ ವಿನ್ಯಾಸವನ್ನು 5 ಡಿಗ್ರಿ ತಿರುಗಿಸಿದರೆ ಮ್ವಾರೆಯ ಅಂತರ ಸುಮಾರು 11.5 ಮೈಕ್ರೋಮೀಟರ್, ಕೋನ ಅರ್ಧವಾದರೆ ಅಂತರ ಇಮ್ಮಡಿ.

ಇವು ಮೈಕ್ರೋಮೀಟರ್ ಗಾತ್ರದ ಕಣಗಳು, ನ್ಯಾನೋ ಅಲ್ಲವಲ್ಲ ಎಂದು ಕೇಳಬಹುದು. ಸುಮಾರು 200 ನ್ಯಾನೋಮೀಟರ್‌ಗಿಂತ ಕಿರಿದಾದದ್ದನ್ನು ಸಾಮಾನ್ಯ ಬೆಳಕಿನ ಸೂಕ್ಷ್ಮದರ್ಶಕ ಬಿಡಿಸಿ ತೋರಿಸದು. ದೊಡ್ಡ ಕಣವಾದ್ದರಿಂದಲೇ ಯಾವುದು ಎಲ್ಲಿಂದ ಬಂತು, ಹರಳು ಯಾವಾಗ ಹುಟ್ಟಿತು ಎಂಬುದನ್ನು ಒಂದೊಂದೇ ಕಣ ಹಿಂಬಾಲಿಸಿ ನೋಡಲು ಈ ಸಂಶೋಧಕರಿಗೆ ಸಾಧ್ಯವಾಯಿತು. ನ್ಯಾನೋಕಣಗಳನ್ನು ಕೂರಿಸಲು ಹೊರಟವರಿಗೂ ಬೇಕಾಗಿರುವ ತಿಳಿವಳಿಕೆ ಇದೇ.

ವಿನ್ಯಾಸ ತಾನಾಗಿಯೇ ಮೂಡುವಂತೆ ಮಾಡುವ ಜಕ್ಕೂರಿನದೇ ಇನ್ನೊಂದು ದಾರಿಯಲ್ಲಿ ಅಚ್ಚು ಕೆತ್ತುವುದೂ ಬೇಕಿಲ್ಲ. ಜಿ.ಯು. ಕುಲಕರ್ಣಿ ಅವರ ತಂಡ 2014ರ ಹೊತ್ತಿಗೆ ಒಣಗಿದಾಗ ಕೆರೆಯಂಗಳದ ಕೆಸರಿನ ಹಾಗೆ ಬಿರಿಯುವ ಲೇಪನವನ್ನೇ ಅಚ್ಚಾಗಿ ಬಳಸಿತು. ಬಿರುಕುಗಳಿಗೆ ಲೋಹ ತುಂಬಿ ಲೇಪನ ತೊಳೆದರೆ, ಗಾಜಿನ ಮೇಲೆ ಬೆಳಕನ್ನೂ ವಿದ್ಯುತ್ತನ್ನೂ ಬಿಡುವ ತಂತಿಜಾಲ ಉಳಿಯುತ್ತದೆ. ಟಚ್‌ಸ್ಕ್ರೀನ್‌ಗಳ ದುಬಾರಿ ಇಂಡಿಯಂ ಲೇಪನಕ್ಕೆ ಅದು ಬದಲಿಯಾಗಬಲ್ಲದು.