ಕೇಳದೆ ಕೊಟ್ಟ ತೀರ್ಪು

ಕುಷ್ಟಗಿಯ ಕಡೆಯ ಹಿರಿಯರೊಬ್ಬರು ಒಮ್ಮೆ ನನ್ನ ಮುಂದೆ ಆಜ್ಞೆಯೊಂದರ ಪ್ರತಿಯನ್ನಿಟ್ಟು, ‘ಕರದಿಲ್ಲ, ಕೇಳಿಲ್ಲ, ಆಗೂದಿಲ್ಲ ಅಂತ ಬರದು ಕಳಿಸ್ಯಾರ್ರಿ’ ಎಂದರು. ಅವರ ಪುಟ್ಟ ವಿದ್ಯಾಸಂಸ್ಥೆ ತೆರಿಗೆ ವಿನಾಯಿತಿಯನ್ನು ಬೇಡಿತ್ತು. ಹಾಜರಾಗಬೇಕೆಂಬ ನೋಟೀಸು ಕೈಸೇರಿದ್ದು ಆ ದಿನ ಕಳೆದ ಮೇಲೆ. ವಿನಾಯಿತಿ ತಪ್ಪಿತೆಂಬುದಕ್ಕಿಂತ ತಮ್ಮ ಮಾತನ್ನು ಯಾರೂ ಕೇಳಲಿಲ್ಲವೆಂಬುದೇ ಅವರ ಸಂಕಟ. ಈ ಸಂಕಟಕ್ಕೆ ಕಾನೂನಿನಲ್ಲಿ ಸ್ಥಾನವುಂಟು. ಅದನ್ನು ಸಹಜ ನ್ಯಾಯವೆನ್ನುತ್ತಾರೆ.

ವಿನಾಯಿತಿ ಈ ಸೀಮೆಗೆ ಹೊಸ ಮಾತಲ್ಲ. 1112ರಲ್ಲಿ ಮಹಾದೇವ ದಂಡನಾಯಕನು ಇಟಗಿಯ ದೇವಾಲಯವನ್ನು ಕಟ್ಟಿಸಿದ ಕಾಲದ ಶಾಸನಗಳನ್ನು ಬಲ್ಲವರಿಗೆ ‘ಸರ್ವನಮಸ್ಯ’, ‘ಸರ್ವಬಾಧಾಪರಿಹಾರ’ ಎಂಬ ಪದಗಳು ಪರಿಚಿತವೇ. ಅಂಥ ದಾನವನ್ನು ಕೆಡಿಸಿದವನು ವಾರಣಾಸಿಯಲ್ಲಿ ಗೋವನ್ನು ಕೊಂದ ಪಾಪಕ್ಕೆ ಗುರಿಯಾಗುವನೆಂದು ಶಾಸನದ ಕೊನೆಗೆ ಶಾಪವಿರುತ್ತಿತ್ತು. ಮೇಲ್ಮನವಿಗೆ ಶಾಪವೇ ಗತಿ! ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳ ಬಂಡೆಗಳ ಮೇಲೆ ಬರೆಯಿಸಿದ ಅಶೋಕನು ದೂರದ ಧೌಲಿಯಲ್ಲಿ ತನ್ನ ಅಧಿಕಾರಿಗಳಿಗೆ ಹೇಳಿದ ಮಾತು ಇನ್ನೂ ಹಳೆಯದು: ಅಸೂಯೆ, ಕೋಪ, ಕ್ರೌರ್ಯಗಳಿಂದ ನ್ಯಾಯ ಕೆಡುವಂತೆ ಆತುರದಿಂದಲೂ ಆಲಸ್ಯದಿಂದಲೂ ಕೆಡುತ್ತದೆಂದು ಅವನು ಎಚ್ಚರಿಸಿದ್ದ.

ತನ್ನ ಮೊಕದ್ದಮೆಗೆ ತಾನೇ ನ್ಯಾಯಾಧೀಶನಾಗಬಾರದು. ಎದುರು ಪಕ್ಷವನ್ನು ಕೇಳದೆ ತೀರ್ಮಾನಿಸಬಾರದು. ಸಹಜ ನ್ಯಾಯದ ಮೂಲಸೂತ್ರಗಳು ಇವೆರಡೇ. ಆದರೆ ಕೇಳುವುದೆಂದರೆ ಎದುರಿಗೆ ಕೂರಿಸಿಕೊಳ್ಳುವುದಷ್ಟೇ ಅಲ್ಲ. ಢಾಕೇಶ್ವರಿ ಕಾಟನ್ ಮಿಲ್ಸ್ ಪ್ರಕರಣದಲ್ಲಿ ತೆರಿಗೆ ಇಲಾಖೆ ಒದಗಿಸಿದ ಮಾಹಿತಿಯನ್ನು ಮಿಲ್ಲಿನವರಿಗೆ ತೋರಿಸದೆಯೇ ನ್ಯಾಯಮಂಡಳಿ ಬಳಸಿಕೊಂಡಿತ್ತು. 1954ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಒಪ್ಪಲಿಲ್ಲ.

ವಿನಾಯಿತಿಯು ಸರ್ಕಾರದ ಔದಾರ್ಯ, ಅದರಲ್ಲಿ ಹಕ್ಕಿನ ಮಾತೇಕೆ ಎಂದು ಕೇಳುವವರುಂಟು. ವಿನಾಯಿತಿಯ ಅಧಿಸೂಚನೆಯ ಅರ್ಥ ಸಂದಿಗ್ಧವಾಗಿದ್ದರೆ ಲಾಭ ಸರ್ಕಾರದ್ದೇ ಎಂದು 2018ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠವೇ ಹೇಳಿದೆ. ನನಗನ್ನಿಸುವಂತೆ, ಅಳತೆಗೋಲು ಅಷ್ಟು ಬಿಗಿಯಾದಾಗಲೇ ಅಳೆಯುವ ಕೈ ಶುದ್ಧವಾಗಿರಬೇಕು.

ನಮ್ಮ ರಾಜ್ಯದ್ದೇ ಒಂದು ಪ್ರಕರಣವಿದೆ. ಕೈಗಾರಿಕೆಗಳನ್ನು ಸೆಳೆಯಲು ಸರ್ಕಾರ 1969ರಲ್ಲಿ ಮಾರಾಟ ತೆರಿಗೆಯ ರಿಯಾಯಿತಿಯನ್ನು ಸಾರಿತು. 1975ರ ಅಧಿಸೂಚನೆಯಂತೆ ತೆರಿಗೆಯನ್ನು ಕಟ್ಟಿ ಮರಳಿ ಪಡೆಯುವ ಬದಲು ಹೊಂದಾಣಿಕೆ ಮಾಡಿಕೊಳ್ಳಬಹುದಿತ್ತು; ಆದರೆ ವಾಣಿಜ್ಯ ತೆರಿಗೆಗಳ ಉಪ ಆಯುಕ್ತರ ಪೂರ್ವಾನುಮತಿ ಬೇಕಿತ್ತು. ಮಂಗಳೂರಿನ ರಸಗೊಬ್ಬರ ಕಾರ್ಖಾನೆ, ಮಂಗಳೂರು ಕೆಮಿಕಲ್ಸ್, ಅನುಮತಿಯನ್ನು ಕೇಳಿತು. ಅದು ಬರಲಿಲ್ಲ. ಅನುಮತಿಯಿಲ್ಲವೆಂಬ ಕಾರಣವನ್ನೇ ಹೇಳಿ ಇಲಾಖೆ ತೆರಿಗೆ ಕಟ್ಟೆಂದಿತು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ತೀರ್ಪು ಬರೆದವರು ಕನ್ನಡಿಗರೇ ಆದ ನ್ಯಾಯಮೂರ್ತಿ ಎಂ. ಎನ್. ವೆಂಕಟಾಚಲಯ್ಯನವರು. ನೀತಿಯ ತಿರುಳಿಗೆ ಸೇರಿದ ಷರತ್ತು ಬೇರೆ, ಬರಿಯ ಕಾರ್ಯವಿಧಾನದ ಷರತ್ತು ಬೇರೆ. ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು ಎಂದು ಅವರು ವಿವೇಚಿಸಿದರು. ಅನುಮತಿ ಸಿಗದಿದ್ದುದರಲ್ಲಿ ಕಂಪನಿಯ ತಪ್ಪಿರಲಿಲ್ಲವಾದ್ದರಿಂದ ರಿಯಾಯಿತಿ ಅದಕ್ಕೆ ದಕ್ಕಿತು.

ದಿಲ್ಲಿಯವರೆಗೆ ಹೋಗುವ ತ್ರಾಣ ದೊಡ್ಡ ಕಂಪನಿಗಿತ್ತು. ಗಂಗಾವತಿಯ ಅಕ್ಕಿಗಿರಣಿಯವನಿಗೋ ಯಲಬುರ್ಗಾದ ಸಣ್ಣ ಟ್ರಸ್ಟಿಗೋ ಅದೆಲ್ಲಿಂದ ಬರಬೇಕು? ಅಂಥವರಿಗೆ ಮೊದಲ ಮೆಟ್ಟಿಲಿನ ವಿಚಾರಣೆಯೇ ಸರ್ವಸ್ವ. ಇನ್ನು, ಸಹಜ ನ್ಯಾಯದ ಭಂಗವನ್ನು ತೋರಿಸಿದರೂ ಸಾಮಾನ್ಯವಾಗಿ ದೊರೆಯುವುದು ವಿನಾಯಿತಿಯಲ್ಲ, ಮರುವಿಚಾರಣೆ.

ಆ ಹಿರಿಯರಿಗೂ ಮೇಲ್ಮನವಿಯಲ್ಲಿ ದೊರೆತದ್ದು ಅಷ್ಟೇ. ಈ ಸಲ ನೋಟೀಸು ಹದಿನೈದು ದಿನ ಮುಂಚೆ ಬಂತು. ಲೆಕ್ಕಪತ್ರಗಳ ಗಂಟನ್ನು ಹೊತ್ತು ಹೋಗಿಬಂದವರು, ಫಲವಿನ್ನೂ ತಿಳಿಯದಿದ್ದರೂ, ನನ್ನ ಮನೆಯ ಕಟ್ಟೆಯ ಮೇಲೆ ಕುಳಿತು ತಾವು ಹೇಳಿದ್ದನ್ನೆಲ್ಲ ಮತ್ತೊಮ್ಮೆ ಮೊದಲಿನಿಂದ ಹೇಳಿದರು.