ಶೂನ್ಯ ವರದಿಯ ಬೆಲೆ

ಸರ್ಕಾರಿ ಸೇವೆಯಲ್ಲಿದ್ದವರಿಗೆಲ್ಲ ‘ಶೂನ್ಯ ವರದಿ’ ಚಿರಪರಿಚಿತ. ಮೇಲಿನ ಕಚೇರಿ ಮಾಹಿತಿ ಕೇಳುತ್ತದೆ. ಕೆಳಗಿನ ಕಚೇರಿ ಎಷ್ಟೋ ಸಲ ಕಡತವನ್ನೇ ತೆರೆಯದೆ ‘ಮಾಹಿತಿ ಶೂನ್ಯ’ ಎಂದು ಬರೆದು ಕೈತೊಳೆದುಕೊಳ್ಳುತ್ತದೆ. ಇಂಥ ವರದಿಗಳನ್ನು ಓದುತ್ತಲೇ ನಿವೃತ್ತನಾದ ನನ್ನನ್ನು ವಿಜ್ಞಾನದ ಇತಿಹಾಸದಲ್ಲಿ ಬಹುವಾಗಿ ಸೆಳೆದದ್ದೂ ಒಂದು ಶೂನ್ಯ ವರದಿಯೇ. ಆದರೆ ಅದು ನೋಡದೆ ಬರೆದ ಶೂನ್ಯವಲ್ಲ. ಕಣ್ಣಲ್ಲಿ ಕಣ್ಣಿಟ್ಟು ನೋಡಿ ಬರೆದ ಶೂನ್ಯ. ಇವೆರಡರ ನಡುವಿನ ಅಂತರ ನಮ್ಮ ಆಡಳಿತಕ್ಕೂ, ನನ್ನೂರು ಬಿಜ್ಜರಗಿಯಂಥ ನೀರಿನ ಬರವುಳ್ಳ ಸೀಮೆಗೂ ತೀರ ಹತ್ತಿರದ ಸಂಗತಿ.

ವಿಜಯಪುರದ ಗೋಳಗುಮ್ಮಟವನ್ನು ಹತ್ತಿದವರಿಗೆ ಗೊತ್ತು: ಗೋಡೆಯ ಪಕ್ಕದಲ್ಲಿ ಆಡಿದ ಪಿಸುಮಾತು ಸುಮಾರು 38 ಮೀಟರ್ ಆಚೆ, ಎದುರುಗೋಡೆಯ ಬಳಿ ನಿಂತವರ ಕಿವಿಗೆ ಬೀಳುತ್ತದೆ. ಅದನ್ನು ಹೊತ್ತೊಯ್ಯುವುದು ಗಾಳಿ. ಗಾಳಿಯಿಲ್ಲದಿದ್ದರೆ ಗುಮ್ಮಟ ಮೂಕ. ಹಾಗಾದರೆ, ಗಾಳಿಯೇ ಇಲ್ಲದ ಆಕಾಶವನ್ನು ದಾಟಿ ಸೂರ್ಯನ ಬೆಳಕು ನಮ್ಮನ್ನು ತಲುಪುವುದು ಯಾವುದರ ಮೂಲಕ? ವಿಶ್ವವನ್ನೆಲ್ಲ ತುಂಬಿರುವ, ಕಣ್ಣಿಗೆ ಕಾಣದ ‘ಈಥರ್’ ಎಂಬ ಮಾಧ್ಯಮದ ಮೂಲಕ ಎಂಬುದು ಹತ್ತೊಂಬತ್ತನೆಯ ಶತಮಾನದ ವಿಜ್ಞಾನಿಗಳ ಉತ್ತರವಾಗಿತ್ತು.

ಈಥರ್ ಇರುವುದಾದರೆ, ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಸಾಗುವ ಭೂಮಿಗೆ ಅದು ಎದುರುಗಾಳಿಯಂತೆ ಬೀಸಬೇಕು. ಈ ಗಾಳಿಯನ್ನು ಅಳೆಯುವ ಉಪಾಯ ಹೊಳೆದದ್ದು ಅಮೆರಿಕದ ಆಲ್ಬರ್ಟ್ ಮೈಕೆಲ್ಸನ್‌ಗೆ. ಕೃಷ್ಣಾ ನದಿಯಲ್ಲಿ ಸಮಾನ ಶಕ್ತಿಯ ಇಬ್ಬರು ಈಜುಗಾರರು ಪಂದ್ಯ ಕಟ್ಟಿದ್ದಾರೆ ಎಂದುಕೊಳ್ಳಿ. ಇಬ್ಬರ ವೇಗ ನಿಮಿಷಕ್ಕೆ 50 ಮೀಟರ್; ನದಿಯ ಸೆಳವು 30 ಮೀಟರ್. ಒಬ್ಬ 100 ಮೀಟರ್ ಅಗಲದ ಹೊಳೆಯನ್ನು ನೇರ ಅಡ್ಡಲಾಗಿ ದಾಟಿ ಮರಳಲು 5 ನಿಮಿಷ ಸಾಕು. ಇನ್ನೊಬ್ಬ ಸೆಳವಿಗೆದುರಾಗಿ 100 ಮೀಟರ್ ಹೋಗಿ ಮರಳಲು 6 ನಿಮಿಷ 15 ಸೆಕೆಂಡು ಬೇಕು. ಈಜುಗಾರರ ಜಾಗದಲ್ಲಿ ಎರಡು ಬೆಳಕಿನ ಕಿರಣಗಳನ್ನಿಟ್ಟರೆ, ಅವು ಮರಳಿ ಕೂಡಿದಾಗ ಮೂಡುವ ಬೆಳಕು-ಕತ್ತಲೆಯ ಪಟ್ಟೆಗಳು ಉಪಕರಣವನ್ನು ತಿರುಗಿಸಿದಂತೆ ಜರುಗಬೇಕು.

1881ರಲ್ಲಿ ಜರ್ಮನಿಯ ಪಾಟ್ಸ್‌ಡಾಮ್‌ನಲ್ಲಿ ನಡೆಸಿದ ಮೊದಲ ಪ್ರಯೋಗದಲ್ಲಿ ಅಂಥ ಜರುಗಾಟ ಕಾಣಲಿಲ್ಲ. ಆ ಲೆಕ್ಕದಲ್ಲಿ ನಿರೀಕ್ಷಿತ ಪರಿಣಾಮ ಎರಡು ಪಟ್ಟು ಹೆಚ್ಚಾಗಿ ಬಂದಿದೆ ಎಂಬುದನ್ನು ಲೊರೆಂಟ್ಸ್ ಮೊದಲಾದವರು ತೋರಿಸಿದರು. 1887ರ ಜುಲೈನಲ್ಲಿ ಕ್ಲೀವ್‌ಲ್ಯಾಂಡ್ ನಗರದಲ್ಲಿ ಎಡ್ವರ್ಡ್ ಮಾರ್ಲಿ ಅವರೊಡನೆ ಮೈಕೆಲ್ಸನ್ ಪ್ರಯೋಗವನ್ನು ಹೊಸದಾಗಿ ಕಟ್ಟಿದರು. ಭಾರಿ ಕಲ್ಲುಚಪ್ಪಡಿಯನ್ನು ಪಾದರಸದ ಮೇಲೆ ತೇಲಿಸಿ, ಅದರ ಮೇಲೆ ಕನ್ನಡಿಗಳನ್ನಿಟ್ಟು, ಬೆಳಕಿನ ಹಾದಿಯನ್ನು 11 ಮೀಟರಿಗೆ ಹಿಗ್ಗಿಸಿದರು. ಪಟ್ಟೆಗಳು ಒಂದು ಪಟ್ಟೆಯ 0.4ರಷ್ಟು ಜರುಗಬೇಕಿತ್ತು. ಕಂಡದ್ದು ಅದರ ಇಪ್ಪತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಅವರು ಅದನ್ನು ಹಾಗೆಯೇ ಪ್ರಕಟಿಸಿದರು.

ಆ ಶೂನ್ಯವನ್ನು ವಿವರಿಸಲು ಫಿಟ್ಸ್‌ಜೆರಾಲ್ಡ್ ಮತ್ತು ಲೊರೆಂಟ್ಸ್ ಹೆಣಗಿದರು. 1905ರಲ್ಲಿ ಐನ್‌ಸ್ಟೈನ್ ಈಥರ್‌ನ ಅಗತ್ಯವೇ ಇಲ್ಲವೆಂದರು. ಆಗಲೂ ವಿಜ್ಞಾನಲೋಕ ಬಾಗಿಲು ಮುಚ್ಚಲಿಲ್ಲ. 1920ರ ದಶಕದಲ್ಲಿ ಡೇಟನ್ ಮಿಲ್ಲರ್ ಮೌಂಟ್ ವಿಲ್ಸನ್ ಬೆಟ್ಟದ ಮೇಲೆ ಸಾವಿರಾರು ಬಾರಿ ಅಳೆದು, ಈಥರ್ ಗಾಳಿ ಕಂಡಿದೆ ಎಂದಾಗ ಆ ಮಾತನ್ನು ಯಾರೂ ಹಗುರವಾಗಿ ತಳ್ಳಿಹಾಕಲಿಲ್ಲ. ಅವರ ದಾಖಲೆಗಳು ಉಳಿದಿದ್ದುದರಿಂದಲೇ 1955ರಲ್ಲಿ ಶ್ಯಾಂಕ್‌ಲ್ಯಾಂಡ್ ಮತ್ತು ಸಂಗಡಿಗರು ಅವನ್ನು ಮರುಪರಿಶೀಲಿಸಿ, ಕಂಡದ್ದು ಉಷ್ಣತೆಯ ಏರುಪೇರಿನ ಪ್ರಭಾವ ಎಂಬ ತೀರ್ಮಾನಕ್ಕೆ ಬಂದರು. ಮೈಕೆಲ್ಸನ್ ಉಪಕರಣದ ಬೃಹತ್ ರೂಪವೇ 2015ರ ಸೆಪ್ಟೆಂಬರ್ 14ರಂದು ಗುರುತ್ವ ತರಂಗವನ್ನು ಹಿಡಿಯಿತು. ಈಥರನ್ನು ಕಾಣದ ಸಾಧನ ಕಪ್ಪುಕುಳಿಗಳ ಡಿಕ್ಕಿಯನ್ನು ಕಂಡಿತು.

ಇಂಥ ಪರಂಪರೆ ಕರ್ನಾಟಕದಲ್ಲೂ ಇದೆ. 1986ರಲ್ಲಿ ಅಮೆರಿಕದ ಫಿಶ್‌ಬಾಕ್ ಮತ್ತು ಸಂಗಡಿಗರು ಹಳೆಯ ಅಳತೆಗಳನ್ನು ಜಾಲಾಡಿ, ನಿಸರ್ಗದಲ್ಲಿ ‘ಐದನೆಯ ಬಲ’ವೊಂದು ಇರಬಹುದೆಂದರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ರಮಾನಾಥ ಕೌಶಿಕ್ ಮತ್ತು ಸಂಗಡಿಗರು ಗೌರಿಬಿದನೂರಿನ ಬಳಿ, ಸುಮಾರು 25 ಮೀಟರ್ ಆಳದ ನೆಲಮಾಳಿಗೆಯಲ್ಲಿ, ತಂತಿಗೆ ತೂಗುಹಾಕಿದ ಅತಿ ಸೂಕ್ಷ್ಮ ತಕ್ಕಡಿಯಿಂದ ಅದನ್ನು ಹುಡುಕಿದರು. ಅಂಥ ಬಲ ಕಾಣಲಿಲ್ಲ. ಇದ್ದರೂ ಇಂತಿಷ್ಟಕ್ಕಿಂತ ಹೆಚ್ಚಿರಲಾರದು ಎಂಬ ಮಿತಿಯನ್ನು ಲೆಕ್ಕಹಾಕಿ 1988ರಲ್ಲಿ ಪ್ರಕಟಿಸಿದರು.

ನಮ್ಮ ಆಡಳಿತ ಕಲಿಯಬೇಕಾದದ್ದು ಈ ಕೊನೆಯ ಮಾತನ್ನು. ಪ್ರಗತಿ ಪರಿಶೀಲನಾ ಸಭೆಗಳಲ್ಲಿ ‘ಶೇಕಡ 100 ಸಾಧನೆ’ಗೆ ಚಪ್ಪಾಳೆಯುಂಟು, ‘ಪ್ರಾಮಾಣಿಕವಾಗಿ ಮಾಡಿದೆವು, ಫಲ ಕಾಣಲಿಲ್ಲ’ ಎನ್ನುವ ಅಧಿಕಾರಿಗೆ ನೋಟಿಸು ಕಾದಿರುತ್ತದೆ. ಹೀಗಾದಾಗ ಫಲವಿಲ್ಲದ ಯೋಜನೆ ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತದೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಇದು ಮಾಹಿತಿಯ ನಷ್ಟವಾಗಿ ಕಾಣುತ್ತದೆ. ಆ ನಷ್ಟಕ್ಕೆ ಯಾವ ಬಜೆಟ್ಟಿನಲ್ಲೂ ಲೆಕ್ಕಶೀರ್ಷಿಕೆ ಇಲ್ಲ.

ಬಿಜ್ಜರಗಿ, ತಿಕೋಟಾ, ಬಬಲೇಶ್ವರದ ಕಡೆಗೆ ಬನ್ನಿ. ನಮ್ಮ ಕಾಲಡಿಯ ಕಪ್ಪು ಬಸಾಲ್ಟ್ ಶಿಲೆಯಲ್ಲಿ ನೀರು ಬಿರುಕುಗಳಲ್ಲಿ ಮತ್ತು ಶಿಥಿಲ ಪದರಗಳಲ್ಲಿ ಮಾತ್ರ ನಿಲ್ಲುತ್ತದೆ. ದ್ರಾಕ್ಷಿ ಬಳ್ಳಿ ಒಣಗತೊಡಗಿದಾಗ ರೈತ ಸಾಲ ಮಾಡಿ ಬೋರು ಕೊರೆಸುತ್ತಾನೆ. ನೀರು ಬಿದ್ದ ಬೋರಿನ ಸುದ್ದಿ ಊರೆಲ್ಲ ಹಬ್ಬುತ್ತದೆ. ಒಣ ಬೋರಿನ ನೋವು ಆ ಮನೆಯಲ್ಲೇ ಉಳಿಯುತ್ತದೆ. ಒಂದು ಬೋರು ವಿಫಲವಾದರೆ ಪಕ್ಕದ್ದೂ ವಿಫಲವಾಗಬೇಕೆಂದಿಲ್ಲ, ನಿಜ. ಆದರೆ ನೂರು ಒಣ ಬೋರುಗಳ ಜಾಗ, ಆಳ, ಸಿಕ್ಕ ಶಿಲೆಯ ವಿವರ ಒಂದೇ ನಕ್ಷೆಯಲ್ಲಿದ್ದರೆ ನೂರಾಒಂದನೆಯ ರೈತ ಸಾಲಪತ್ರಕ್ಕೆ ಸಹಿ ಹಾಕುವ ಮುನ್ನ ಒಮ್ಮೆ ಯೋಚಿಸಬಹುದು.

ಆದ್ದರಿಂದ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ನೀರು ಬಿದ್ದ ಬೋರಿನ ಜೊತೆಗೆ ಬೀಳದ ಬೋರಿನ ವಿವರವೂ ದಾಖಲಾಗಿ, ಯಾರು ಬೇಕಾದರೂ ನೋಡುವಂತಿರಬೇಕು. ವಿವರವನ್ನು ಕೊರೆಯುವ ಯಂತ್ರದವರಿಂದಲೇ ಪಡೆಯಬಹುದು. ಇದಕ್ಕೆ ಪಾದರಸದ ತೊಟ್ಟಿಯಾಗಲೀ ನೆಲಮಾಳಿಗೆಯಾಗಲೀ ಬೇಕಿಲ್ಲ. ಸರ್ಕಾರಿ ಯೋಜನೆಗಳ ಮೌಲ್ಯಮಾಪನದಲ್ಲೂ ‘ಪರಿಣಾಮ ಕಾಣಲಿಲ್ಲ’ ಎಂಬ ವರದಿ, ಎಷ್ಟು ಹುಡುಕಿದೆವು, ಹೇಗೆ ಹುಡುಕಿದೆವು ಎಂಬ ವಿವರದೊಡನೆ ಪ್ರಕಟವಾಗಲಿ. ಅದನ್ನು ಬರೆದವರಿಗೆ ಶಿಕ್ಷೆಯಾಗದಿರಲಿ.